ಅಡಿಕೆ ಮಂಡಿಯ ಕಿರ್ದಿಯಲ್ಲಿ ಬ್ರೀ ಊರಿನ ಲೆಕ್ಕ

ಒಂದೇ ಕುದುರೆ ಒಂದೇ ಊರಿಗೆ ಎರಡು ಸಲ ವಾಪಸ್ ಬಂದಿತ್ತು. ಒಮ್ಮೆ ಫೆಬ್ರವರಿಯ ಹಿಮದಲ್ಲಿ, ಇನ್ನೊಮ್ಮೆ ಮೇ ತಿಂಗಳ ಮಳೆಯಲ್ಲಿ. ಎರಡು ಸಲವೂ ಓದಿದವರ ಕಣ್ಣಲ್ಲಿ ನೀರು ಬಂದಿತ್ತು. ನಡುವೆ ಅದು ಊರು ಬಿಟ್ಟು ಹೋಯಿತು ಎಂದು ಯಾರೂ ಬರೆದಿರಲಿಲ್ಲ. ನಮ್ಮ ಕಥೆ ಹದಿನೇಳನೇ ಅಧ್ಯಾಯಕ್ಕೆ ಬಂದು ಕೂತುಬಿಟ್ಟಿದ್ದು ಈ ಕುದುರೆಯಿಂದಲೇ.

ನಾವು ಆರು ಜನ. ಶಿರಸಿಯಲ್ಲಿ ನಾನು, ಮೈಸೂರಿನಲ್ಲಿ ಒಬ್ಬರು ಟೀಚರ್ ಆಗಿದ್ದು ರಿಟೈರ್ ಆದ ಮೇಡಂ, ಧಾರವಾಡದ ಒಬ್ಬ ಹುಡುಗ, ದುಬೈಯಲ್ಲಿರುವ ಒಬ್ಬ ಮಂಗಳೂರಿನವರು, ಬೆಂಗಳೂರಿನ ಅಕ್ಕ-ತಂಗಿ. ಎಲ್ಲರೂ ಇಂಗ್ಲಿಷ್ ಕಾದಂಬರಿಕಾರ ಟಾಲ್ಕಿನ್ ಅವರ ಹುಚ್ಚರು. ಅವರ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯಲ್ಲಿ ಕಥಾನಾಯಕ ಫ್ರೋಡೊ ಮತ್ತು ಗೆಳೆಯರು ಬ್ರೀ ಎಂಬ ಊರು ಬಿಡುವುದು ಆ ಲೋಕದ ಲೆಕ್ಕದ 3018ರ ಸೆಪ್ಟೆಂಬರ್ 30ಕ್ಕೆ. ಯುದ್ಧ ಮುಗಿಸಿ ಮತ್ತೆ ಅಲ್ಲಿಗೆ ಬರುವುದು 3019ರ ಅಕ್ಟೋಬರ್ 28ರ ಸಂಜೆ. ನಡುವಿನ ಹದಿಮೂರು ತಿಂಗಳು ಆ ಊರಲ್ಲಿ ಏನಾಯಿತು? ಛತ್ರದ ಯಜಮಾನ ಬಟರ್‌ಬರ್ ಬೆಂಕಿ ಮುಂದೆ ಕೂತು ಹೇಳುವ ನಾಲ್ಕು ಮಾತು ಬಿಟ್ಟರೆ ಮೂಲದಲ್ಲಿ ಬೇರೇನೂ ಇಲ್ಲ. ಆ ಹದಿಮೂರು ತಿಂಗಳನ್ನು ನಾವು ಬರೆಯಲು ಹೊರಟೆವು. ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಅಧ್ಯಾಯ. ಕನ್ನಡದಲ್ಲಿ. ಓದುವವರು ಸ್ನೇಹಿತರು, ಸ್ನೇಹಿತರ ಸ್ನೇಹಿತರು ಸೇರಿ ನಲವತ್ತು ಜನ ಇರಬಹುದು.

ಇದರಲ್ಲಿ ದುಡ್ಡು ಹುಟ್ಟುವುದಿಲ್ಲ. ಟಾಲ್ಕಿನ್ ತೀರಿಕೊಂಡಿದ್ದು 1973ರಲ್ಲಿ. ನಮ್ಮ ದೇಶದ ಲೆಕ್ಕದಲ್ಲಿ ಕಾಪಿರೈಟ್ 2033ರ ಕೊನೆವರೆಗೆ ಇದೆ. ಹಾಗಾಗಿ ಮಾರುವ ಮಾತೇ ಇಲ್ಲ. ದುಡ್ಡು ಹೋಗುವುದು ಮಾತ್ರ ಚೆನ್ನಾಗಿ ಹೋಯಿತು. ಅದನ್ನೇ ಮೊದಲು ಹೇಳುತ್ತೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಒಂದು ದೊಡ್ಡ ಫೈಲ್. ಯಾರ ಕಣ್ಣಿನ ಬಣ್ಣ ಏನು, ಯಾರ ಮನೆ ಎಲ್ಲಿ, ಎಲ್ಲ ಅದರಲ್ಲಿ. ಅರವತ್ತು ಪುಟ ಆಯಿತು. ಬರೆದವಳು ನಾನು, ಓದಿದವಳೂ ನಾನೇ. ಆಮೇಲೆ ಒಂದು ಬರವಣಿಗೆ ಸಾಫ್ಟ್‌ವೇರ್ ಕೊಂಡೆವು. ಆರು ಜನ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ ಹದಿನಾಲ್ಕು ಸಾವಿರ. ಬಣ್ಣಬಣ್ಣದ ಕಾರ್ಡುಗಳು, ದಾರ ಎಳೆದು ಜೋಡಿಸುವ ಗೆರೆಗಳು. ನೋಡಲು ಚೆಂದ. ಕನ್ನಡ ಒತ್ತಕ್ಷರ ಅದರಲ್ಲಿ ಒಡೆದುಹೋಗುತ್ತಿತ್ತು. ಎರಡು ತಿಂಗಳಲ್ಲಿ ಯಾರೂ ಅದನ್ನು ತೆರೆಯಲಿಲ್ಲ.

ಮೂರನೆಯದು ನನ್ನದೇ ತಪ್ಪು. ನಾನೇ ಯಜಮಾನಿಕೆ ವಹಿಸಿಕೊಂಡೆ. ಎಲ್ಲರೂ ನನಗೆ ಕಳಿಸಬೇಕು, ನಾನು ತಿದ್ದಿದ ಮೇಲೇ ಹೊರಗೆ. ಧಾರವಾಡದ ಹುಡುಗನ ಎಂಟನೇ ಅಧ್ಯಾಯದಲ್ಲಿ ಒಂದು ಇಡೀ ಜಗಳದ ದೃಶ್ಯ ತೆಗೆದುಹಾಕಿದೆ. ಅವನು ಮೂರು ತಿಂಗಳು ಮಾತಾಡಲಿಲ್ಲ. ಈಗ ಓದಿದರೆ ಅನಿಸುತ್ತದೆ, ಆ ದೃಶ್ಯ ಉಳಿಯಬೇಕಿತ್ತು.

ನಾಲ್ಕನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕರಡು ತಿದ್ದುವ ಒಬ್ಬರಿಗೆ ಒಂಬತ್ತು ಸಾವಿರ ಕೊಟ್ಟು ಹದಿನಾರು ಅಧ್ಯಾಯ ಒಪ್ಪಿಸಿದೆವು. ಅವರು ಮೂಲ ಓದಿದವರಲ್ಲ, ಅದನ್ನು ನಾವು ಕೇಳಲೂ ಇಲ್ಲ. ಫೆಬ್ರವರಿ 30 ಎಂದು ಇದ್ದಲ್ಲೆಲ್ಲ ಫೆಬ್ರವರಿ 28 ಮಾಡಿಟ್ಟರು! ನಿಮಗೆಲ್ಲ ಗೊತ್ತೇ ಇದೆ, ಅಲ್ಲಿನ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಡೆದಾಡುವ ಮರಗಳಂಥ ಎಂಟ್‌ಗಳ ಸಭೆ ಶುರುವಾಗುವುದೇ ಫೆಬ್ರವರಿ 30ಕ್ಕೆ. ಅದೇ ಕೈಯಲ್ಲಿ 1418 ಎಂದು ಇದ್ದಲ್ಲಿ 3018 ಎಂದೂ, ಕೆಲವು ಕಡೆ ಅದರ ಉಲ್ಟಾ ಕೂಡ ತಿದ್ದಿದ್ದರು. ಎರಡೂ ಒಂದೇ ವರ್ಷ. ಶೈರ್ ಅಂದರೆ ಫ್ರೋಡೊನ ನಾಡು. ಒಂದು ಶೈರ್‌ನ ಲೆಕ್ಕ, ಇನ್ನೊಂದು ಹೊರಗಿನ ಲೆಕ್ಕ. ಅದನ್ನೆಲ್ಲ ಮೊದಲಿನ ಹಾಗೆ ಮಾಡಲು ನನಗೆ ಎರಡು ವಾರ ಬೇಕಾಯಿತು.

ನಡುವೆ ಬೆಂಗಳೂರಿನ ತಂಗಿ ಎಲ್ಲ ಅಧ್ಯಾಯಗಳನ್ನು ಒಂದು ಎಐ ಚಾಟ್‌ಬಾಟ್‌ಗೆ ತಿನ್ನಿಸಿ ತಪ್ಪು ಹುಡುಕು ಎಂದಳು. ಅದು ಹನ್ನೊಂದು ತಪ್ಪು ಕೊಟ್ಟಿತು. ನಾಲ್ಕು ನಿಜವಾಗಿ ಇದ್ದವು. ಉಳಿದದ್ದರಲ್ಲಿ ಒಂದು, ಛತ್ರದ ಆಳು ನಾಬ್‌ನ ಹೆಂಡತಿಯ ವಯಸ್ಸು ಹೊಂದುತ್ತಿಲ್ಲ ಅಂತ. ನಾಬ್‌ಗೆ ನಾವು ಮದುವೆಯನ್ನೇ ಮಾಡಿರಲಿಲ್ಲ.

ಅಷ್ಟು ಹೊತ್ತಿಗೆ ಕುದುರೆ ಎರಡನೇ ಸಲ ಬಂತು.

ನಾನು ಹೊಟ್ಟೆಪಾಡಿಗೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಇಪ್ಪತ್ತೆರಡು ವರ್ಷ ಆಯಿತು. ಈಗ ಎಲ್ಲ ಕಂಪ್ಯೂಟರ್. ಆದರೂ ಹಳೇ ಅಭ್ಯಾಸ, ನನ್ನ ಪಕ್ಕ ಒಂದು ಉದ್ದ ಕಿರ್ದಿ ಪುಸ್ತಕ ಇದ್ದೇ ಇರುತ್ತದೆ. ಒಂದು ಸಂಜೆ ಯಾರದೋ ಚಾಲಿ ಅಡಿಕೆಯ ನಾಲ್ಕು ಮೂಟೆ ಎರಡು ಸಲ ಜಮಾ ಆಗಿತ್ತು. ಹುಡುಕಿ ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಆಗ ಹೊಳೆಯಿತು. ನಾಲ್ಕು ಮೂಟೆ ಎರಡು ಸಲ ಬಂದರೆ ಹತ್ತು ನಿಮಿಷ. ಒಂದು ಕುದುರೆ ಎರಡು ಸಲ ಬಂದರೆ ಆರು ವಾರ ಯಾಕೆ?

ಮರುದಿನ ಪೇಟೆಯಲ್ಲಿ ಎರಡು ಪುಸ್ತಕ ತಂದೆ. ಕೆಂಪು ರಟ್ಟಿನವು, ಎರಡೂ ಸೇರಿ ಮುನ್ನೂರು ಚಿಲ್ಲರೆ. ಒಂದು ಕಿರ್ದಿ, ಅಂದರೆ ದಿನದಿನದ ಲೆಕ್ಕದ್ದು; ಒಂದು ಖಾತೆ, ಅಂದರೆ ಒಬ್ಬೊಬ್ಬರ ಲೆಕ್ಕದ್ದು. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಲಾಭದ ಖರ್ಚು ಇದೊಂದೇ.

ಗುಂಪಿನಲ್ಲಿ ಹೇಳಿದಾಗ ನಕ್ಕರು. ಧಾರವಾಡದ ಹುಡುಗ, 'ಅಕ್ಕಾರ, ಇದು ಕಥಿ ಐತ್ರಿ, ಅಂಗಡಿ ಅಲ್ಲ' ಎಂದ. ದುಬೈಯವರು ಒಂದು ಹೆಜ್ಜೆ ಮುಂದೆ ಹೋಗಿ, 'ಜಿಎಸ್‌ಟಿ ಕೂಡ ಹಾಕುವುದಾ ಮಾರಾಯ್ರೆ?' ಎಂದು ಕೇಳಿದರು. ಮೇಡಂ ಮಾತ್ರ ಸುಮ್ಮನಿದ್ದರು. ಅವರ ಸುಮ್ಮನಿರುವಿಕೆ ನಗುವಿಗಿಂತ ಕಷ್ಟ.

ಕೆಲಸ ಹೀಗೆ. ಕಿರ್ದಿ ತಾರೀಖಿನ ಪ್ರಕಾರ. ಬರೆದ ತಾರೀಖು ಅಲ್ಲ, ಕಥೆಯೊಳಗಿನ ತಾರೀಖು. ಒಂದು ಅಧ್ಯಾಯ ಬಂದರೆ ಅದರಲ್ಲಿ ಆದದ್ದನ್ನೆಲ್ಲ ಒಂದೊಂದು ಸಾಲಿನಲ್ಲಿ ಹತ್ತಿಸುವುದು. ಅವತ್ತೇ ರಾತ್ರಿ ಖತಾವಣಿ. ಅಂದರೆ ಪ್ರತಿ ಸಾಲೂ ಅವರವರ ಖಾತೆಗೆ ಹೋಗಬೇಕು. ಮನುಷ್ಯರಿಗೆ ಮಾತ್ರ ಅಲ್ಲ, ವಸ್ತುಗಳಿಗೂ ಖಾತೆ. ಕತ್ತಿಗೆ, ಲಾಂದ್ರಕ್ಕೆ, ಕುದುರೆಗೆ, ಗಾಯಕ್ಕೆ. ಗಾಯದ ಖಾತೆ ತೆರೆದ ದಿನವೇ ಗೊತ್ತಾಯಿತು, ನಮ್ಮ ಕಮ್ಮಾರನ ಎಡಗೈ ಸುಟ್ಟಿದ್ದು ಆರನೇ ಅಧ್ಯಾಯದಲ್ಲಿ, ಬ್ಯಾಂಡೇಜ್ ಬಿಚ್ಚಿದ್ದು ಹನ್ನೆರಡರಲ್ಲಿ, ಬಲಗೈಯಿಂದ.

ತಿಂಗಳ ಕೊನೆಗೆ ತಾಳೆ. ಒಂದು ವಸ್ತು ಒಂದು ದಿನ ಒಂದೇ ಕಡೆ ಇರಬೇಕು, ಅಷ್ಟೇ. ತಾಳೆ ಆಗದ ಸಾಲನ್ನು ಅಳಿಸಬಾರದು. ಅದಕ್ಕೆ ಸಸ್ಪೆನ್ಸ್ ಖಾತೆ ಇದೆ. ಮಂಡಿಯಲ್ಲಿ ಯಾರದು ಎಂದು ಗೊತ್ತಾಗದ ದುಡ್ಡು ಬಂದರೆ ಅದನ್ನು ಹಾಕಿಡುವ ಜಾಗ. ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆ ಹೆಸರಿನ ಖಾತೆ ಸಿಗಲಿಕ್ಕಿಲ್ಲ. ನನ್ನ ನಿಯಮ, ಮೂರು ಅಧ್ಯಾಯದೊಳಗೆ ಸಸ್ಪೆನ್ಸ್ ಖಾಲಿ ಆಗಬೇಕು.

ಪರೀಕ್ಷೆಗೆ ಮೊದಲು ಬಟರ್‌ಬರ್ ಖಾತೆ ತೆರೆದೆ. ಛತ್ರದವನಲ್ಲವೇ, ಲೆಕ್ಕ ಇರಲೇಬೇಕು. ಧಾರವಾಡದ ಹುಡುಗ ನವೆಂಬರ್ ತಿಂಗಳಲ್ಲಿ ಅವನನ್ನು ದಿವಾಳಿ ಅಂಚಿಗೆ ತಂದು ನಿಲ್ಲಿಸಿದ್ದ. ಕಾರಣ, ಕಳುವಾದ ಕುದುರೆಗಳಿಗೆ ಕೊಟ್ಟ ಪರಿಹಾರ. ಮೂಲ ತೆಗೆದು ನೋಡಿದೆ. ಬಿಲ್ ಎಂಬ ಬಡಕಲು ಕುದುರೆಗೆ ಹನ್ನೆರಡು ಬೆಳ್ಳಿ ಪೆನ್ನಿ, ಫ್ರೋಡೊನ ಗೆಳೆಯ ಮೆರ‍್ರಿಯ ಕುದುರೆಗಳಿಗೆ ಹದಿನೆಂಟು. ಖರ್ಚು ಮೂವತ್ತು. ಸರಿ, ಅವನ ಮಟ್ಟಿಗೆ ಅದು ದೊಡ್ಡ ಮೊತ್ತವೇ. ಆದರೆ ಜಮಾ ಕಡೆ ನೋಡಿ. ತಪ್ಪಿಸಿಕೊಂಡ ಐದೂ ಕುದುರೆ ಆಮೇಲೆ ಅವನ ಲಾಯಕ್ಕೇ ಬಂದು ಸೇರುತ್ತವೆ. ಐದು ಒಳ್ಳೆ ಕುದುರೆ ಸೋವಿಗೆ ಸಿಕ್ಕ ಹಾಗಾಯಿತು. ಸಾಹುಕಾರ ಲಾಭದಲ್ಲಿದ್ದಾನೆ! ಹುಡುಗನಿಗೆ ಖಾತೆಯ ಫೋಟೋ ಕಳಿಸಿದೆ. ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ, 'ಹಂಗಾರ ಇಂವ ಸುಳ್ಳ ಅಳ್ತಾನ್ರಿ?' ಎಂದು ಕೇಳಿದ. ಅದೇ ಸಾಲು ಇಟ್ಟುಕೊಂಡು ಅಧ್ಯಾಯ ತಿದ್ದಿದ. ದಿವಾಳಿಯಾಗುವ ಬಟರ್‌ಬರ್‌ಗಿಂತ, ಲಾಭ ಮಾಡಿಕೊಂಡು ಎಲ್ಲರ ಮುಂದೆ ಅಳುವ ಬಟರ್‌ಬರ್ ಎಷ್ಟೋ ಚೆನ್ನಾಗಿ ಬಂದ. ಇಂಥ ಸಾಹುಕಾರರನ್ನು ನಾನು ದಿನಾ ನೋಡುತ್ತೇನೆ.

ಆದರೆ ಕಿರ್ದಿ ತಪ್ಪು ಹಿಡಿಯುತ್ತದೆ, ಬಿಡಿಸುವುದಿಲ್ಲ. ಬಿಡಿಸಲು ಬೇರೆ ವಿದ್ಯೆ ಬೇಕಾಯಿತು. ಅದು ಬಂದದ್ದು ತಾಳಮದ್ದಳೆಯಿಂದ, ವೇಷ ಕುಣಿತ ಇಲ್ಲದೆ ಬರೀ ಹಾಡು ಮಾತಿನಲ್ಲಿ ನಡೆಯುವ ಯಕ್ಷಗಾನದಿಂದ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾಗವತರು ಹಾಡಿದ ಪದ್ಯ ಪದ್ಯವೇ. ಅದನ್ನು ದಾಟುವಂತಿಲ್ಲ. ಆದರೆ ಅರ್ಥ ಹೇಳುವವರು ಅದೇ ಪದ್ಯದೊಳಗೆ ಏನೆಲ್ಲ ತರುತ್ತಾರೆ! ಎದುರಿನವರು ನಿನ್ನ ಮಾತು ಮೊದಲಿನ ಮಾತಿಗೆ ಹೊಂದುವುದಿಲ್ಲ ಎಂದು ಸಿಕ್ಕಿಸಿದರೆ, ಒಳ್ಳೆ ಅರ್ಥಧಾರಿ ಮೊದಲಿನದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದು ನಾನು ಹಾಗೆ ಅಂದದ್ದು ಯಾರ ಎದುರು, ಯಾಕೆ, ಎಂದು ತಿರುಗಿಸುತ್ತಾನೆ. ಚಪ್ಪಾಳೆ ಬೀಳುವುದೇ ಅಲ್ಲಿ.

ಹಾಗಾಗಿ ಕಿರ್ದಿಯಲ್ಲಿ ಒಂದು ಕಲಂ ಜಾಸ್ತಿ ಮಾಡಿದೆ. 'ಕಂಡವರು ಯಾರು?' ಮೂಲದಲ್ಲಿ ಇದ್ದದ್ದು ಕಪ್ಪು ಶಾಯಿ. ನಮ್ಮ ಕಥೆಯಲ್ಲಿ ನಿರೂಪಣೆಯಲ್ಲೇ ಬಂದದ್ದು ನೀಲಿ. ಯಾವುದೋ ಪಾತ್ರದ ಬಾಯಲ್ಲಿ, ಅಥವಾ ಒಂದು ಪಾತ್ರದ ಕಣ್ಣಿಂದ ಮಾತ್ರ ಬಂದದ್ದು ಪೆನ್ಸಿಲ್. ಕಪ್ಪು ಮುಟ್ಟುವಂತಿಲ್ಲ. ನೀಲಿಯನ್ನು ಬರೆದವರ ಒಪ್ಪಿಗೆ ಇದ್ದರೆ ತಿದ್ದಬಹುದು. ಪೆನ್ಸಿಲ್ ಸಾಲನ್ನು ತಿದ್ದುವುದೇ ಬೇಡ. ಆ ಪಾತ್ರಕ್ಕೆ ತಪ್ಪಾಗಿ ಕಂಡಿರಬಹುದು, ಮರೆತಿರಬಹುದು, ಸುಳ್ಳು ಹೇಳಿರಬಹುದು. ಅದು ಯಾಕೆ ಎಂದು ಬರೆದರೆ ಸಾಕು.

ಇದು ನನ್ನ ಕಂಡುಹಿಡಿತ ಅಂತ ಸ್ವಲ್ಪ ದಿನ ಮೆರೆದೆ. ಆಮೇಲೆ ಮೇಡಂ ನೆನಪಿಸಿದರು. ಟಾಲ್ಕಿನ್ ಇದನ್ನು ಎಪ್ಪತ್ತು ವರ್ಷದ ಹಿಂದೆಯೇ ಮಾಡಿದ್ದಾರೆ. 1937ರ 'ಹಾಬಿಟ್'ನಲ್ಲಿ ಗಾಲಮ್ ಎಂಬ ಗುಹೆಯ ಜೀವಿ ಒಗಟಿನ ಪಂದ್ಯದ ಬಹುಮಾನವಾಗಿ ಕಥಾನಾಯಕ ಬಿಲ್ಬೋಗೆ ಉಂಗುರ ಕೊಡಲು ಒಪ್ಪಿರುತ್ತಾನೆ. ಮುಂದಿನ ಕಥೆಯಲ್ಲಿ ಆ ಉಂಗುರ ಯಾರೂ ಸುಲಭವಾಗಿ ಕೈಯಾರೆ ಬಿಟ್ಟುಕೊಡಲಾಗದ ವಸ್ತು ಆಗಿಬಿಟ್ಟಿತು. 1951ರ ಮುದ್ರಣದಲ್ಲಿ ಆ ಅಧ್ಯಾಯವನ್ನೇ ಬದಲಿಸಿದರು. ಹಳೆಯದನ್ನು ಏನು ಮಾಡಿದರು ಗೊತ್ತಲ್ಲ? ಅದು ಬಿಲ್ಬೋ ಹೇಳಿದ ಸುಳ್ಳು ಎಂದರು. ಉಂಗುರ ತನ್ನದೇ ಎಂದು ಸಾಧಿಸಲು ಹೇಳಿದ ಸುಳ್ಳು. ತಪ್ಪೂ ಮುಚ್ಚಿತು, ಉಂಗುರದ ವಿಷವೂ ಕಂಡಿತು. ಪೆನ್ಸಿಲ್ ಸಾಲು ಅಂದರೆ ಇದೇ.

ಈಗ ಕುದುರೆ. ಎರಡು ಸಲ ಬಂದದ್ದು ಅದೇ ಬಡಕಲು ಬಿಲ್. ಬಿಲ್‌ನನ್ನು ಫ್ರೋಡೊನ ಜೊತೆಗಾರ ಸ್ಯಾಮ್ ಅಳುತ್ತಾ ಮೊರಿಯಾ ಎಂಬ ಗಣಿಯ ಬಾಗಿಲಲ್ಲಿ ಬಿಟ್ಟುಹೋಗುವುದು 3019ರ ಜನವರಿ 13ಕ್ಕೆ. ಅದು ತಾನಾಗಿಯೇ ಬ್ರೀಗೆ ಬಂತು ಎಂದು ಬಟರ್‌ಬರ್ ಹೇಳುತ್ತಾನೆ. ಯಾವತ್ತು ಬಂತು ಎಂದು ಹೇಳುವುದಿಲ್ಲ. ಮೈಸೂರಿನ ಮೇಡಂ ಒಂಬತ್ತನೇ ಅಧ್ಯಾಯದಲ್ಲಿ ಅದನ್ನು ಫೆಬ್ರವರಿ ಮಧ್ಯಕ್ಕೆ, ಹಿಮ ಬೀಳುವ ರಾತ್ರಿ ತಂದಿದ್ದರು. ದುಬೈಯವರು ಹದಿನೇಳರಲ್ಲಿ ಮೇ ತಿಂಗಳಿಗೆ ತಂದರು. ಅವರಿಗೆ ಒಂಬತ್ತು ಮರೆತೇ ಹೋಗಿತ್ತು. ಇಬ್ಬರೂ ಬಿಡಲು ತಯಾರಿಲ್ಲ. ಮೇಡಂಗೆ ಅದು ತಮ್ಮ ಜೀವಮಾನದ ಒಳ್ಳೆ ಅಧ್ಯಾಯ. ದುಬೈಯವರು, ಹದಿನೇಳು ಹೋದರೆ ನಾನೂ ಹೋದೆ ಎಂದರು.

ನಾನು ಒಂಬತ್ತನ್ನು ಸಾಲು ಸಾಲಾಗಿ ಮತ್ತೆ ಕಿರ್ದಿಗೆ ಹತ್ತಿಸಿದೆ. ಕಂಡವರು ಯಾರು? ಕಾವಲುಗಾರನ ಆರು ವರ್ಷದ ಮಗಳು. ಅವಳೊಬ್ಬಳೇ. ಎಲ್ಲಿಂದ? ಬೇಲಿಯ ಸಂದಿಯಿಂದ. ಕುದುರೆ ಬಾಗಿಲ ಹೊರಗೆ ನಿಂತಿದೆ, ಅವಳು ಕೈ ಚಾಚುತ್ತಾಳೆ, ಅಧ್ಯಾಯ ಮುಗಿಯುತ್ತದೆ. ಕುದುರೆ ಒಳಗೆ ಬಂತು ಎಂದು ಮೇಡಂ ಬರೆದೇ ಇರಲಿಲ್ಲ! ಓದಿದ ನಾವೆಲ್ಲ, ಬರೆದ ಮೇಡಂ ಕೂಡ, ಅದು ಒಳಗೆ ಬಂದಿದೆ ಎಂದು ಅಂದುಕೊಂಡಿದ್ದೆವು. ಇಡೀ ದೃಶ್ಯ ಪೆನ್ಸಿಲ್.

ಕಪ್ಪು ಶಾಯಿಯಲ್ಲಿ ಏನಿತ್ತು? ಹೊಸ ವರ್ಷದ ಆರಂಭದಲ್ಲಿ, ದೊಡ್ಡ ಹಿಮ ಬಿದ್ದ ಮೇಲೆ, ಬ್ರೀಯಲ್ಲಿ ಹೊಡೆದಾಟ ಆಗಿ ಐದು ಜನ ಸತ್ತಿದ್ದಾರೆ. ಮೂವರು ಮನುಷ್ಯರು, ಇಬ್ಬರು ಕುಳ್ಳ ಜಾತಿಯ ಹಾಬಿಟ್‌ಗಳು. ಅದಾದ ಮೇಲೆ ಊರ ಬಾಗಿಲಿಗೆ ಬಿಗಿ ಕಾವಲು. ಅಂಥ ಊರಿನ ಬಾಗಿಲಿಗೆ ಫೆಬ್ರವರಿ ರಾತ್ರಿ ಒಂದು ಕುದುರೆ ಬಂದರೆ ಕಾವಲಿನವರು ಏನು ಮಾಡುತ್ತಾರೆ? ಮೊದಲು ಅದು ಬಿಲ್ ಫರ್ನಿ ಎಂಬ ಅದೇ ಊರಿನವನದು, ಅವನೋ ಈಗ ಪುಂಡರ ಜೊತೆ ಓಡಿಹೋದವನು. ಗುರುತು ಹಿಡಿದರೂ ಕಲ್ಲು, ಹಿಡಿಯದಿದ್ದರೂ ಕಲ್ಲು. ಓಡಿಸುತ್ತಾರೆ.

ಅಂದರೆ ಕುದುರೆ ಫೆಬ್ರವರಿಯಲ್ಲೂ ಬಂತು, ಮೇ ತಿಂಗಳಲ್ಲೂ ಬಂತು. ನಡುವಿನ ಮೂರು ತಿಂಗಳು ಬೇಲಿಯ ಹೊರಗೆ ಅಲೆಯಿತು. ಮೂಲದಲ್ಲಿ ಬಟರ್‌ಬರ್ ಅದನ್ನು ಮುದಿ ನಾಯಿಯ ಹಾಗೆ ಜೂಲು ಬೆಳೆದು, ಬಟ್ಟೆ ಒಣಹಾಕುವ ಗಳುವಿನ ಹಾಗೆ ಸಣಕಲಾಗಿತ್ತು ಎನ್ನುತ್ತಾನಲ್ಲ, ಅದಕ್ಕೂ ಕಾರಣ ಸಿಕ್ಕಿತು. ಎರಡೂ ಅಧ್ಯಾಯ ಉಳಿದವು. ನಡುವೆ ಒಂದು ಹೊಸ ಅಧ್ಯಾಯ ಹುಟ್ಟಿತು, ಹುಡುಗಿ ದಿನಾ ಬೇಲಿ ಸಂದಿಯಿಂದ ರೊಟ್ಟಿ ತೂರಿಸುವುದು. ಅದನ್ನು ಮೇಡಂ ಮತ್ತು ದುಬೈಯವರು ಸೇರಿ ಬರೆದರು. ನಮ್ಮ ಇಡೀ ಕಥೆಯಲ್ಲಿ ಜನ ಜಾಸ್ತಿ ಕೇಳುವುದು ಆ ಅಧ್ಯಾಯವನ್ನೇ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಅದು ನನ್ನ ಮುನ್ನೂರು ರೂಪಾಯಿ ಪುಸ್ತಕದಿಂದ ಹುಟ್ಟಿದ್ದು.

ಒಂದು ಸಣ್ಣ ತಪ್ಪು ಆಗಲೂ ಉಳಿದಿತ್ತು. ಮೇಡಂ ಪಶ್ಚಿಮದ ಬಾಗಿಲು ಎಂದು ಬರೆದಿದ್ದರು. ಪೂರ್ವದಿಂದ ಬರುವ ದಾರಿ ಊರಿಗೆ ಸೇರುವುದು ದಕ್ಷಿಣದ ಬಾಗಿಲಲ್ಲಿ. ಬಾಗಿಲ ಹೆಸರು ಮಾತ್ರ ನಿರೂಪಣೆಯಲ್ಲಿ ಬಂದ ನೀಲಿ ಸಾಲು, ಒಪ್ಪಿಗೆ ಕೇಳಬೇಕಿತ್ತು. ಮೇಡಂ ಒಂದು ಕ್ಷಣ ಯೋಚಿಸಿ, 'ದಕ್ಷಿಣದಲ್ಲಿ ಓಡಿಸಿದರು, ಬೇಲಿ ಸುತ್ತಿ ಪಶ್ಚಿಮಕ್ಕೆ ಬಂತು ಅಂತ ಬರ್ಕೊಳ್ಳಮ್ಮ' ಎಂದರು. ಅವತ್ತಿನಿಂದ ಅವರು ಕಿರ್ದಿಯ ಕಡೆಯವರು.

ಚಂದ್ರನ ವಿಷಯಕ್ಕೆ ಬರುತ್ತೇನೆ. ಇದು ಬೇಕಿರಲಿಲ್ಲ, ಸುಮ್ನೆ ಚಪಲಕ್ಕೆ ಮಾಡಿದ್ದು. 1944ರಲ್ಲಿ ಟಾಲ್ಕಿನ್ ಮಗ ಕ್ರಿಸ್ಟೋಫರ್‌ಗೆ ಬರೆದ ಪತ್ರದಲ್ಲಿ ತಮ್ಮ ಚಂದ್ರ ಕೈಕೊಟ್ಟದ್ದನ್ನು ಹೇಳಿಕೊಂಡಿದ್ದಾರೆ. ಒಂದು ಕಡೆ ಹುಟ್ಟುತ್ತಿರುವ ಹೊತ್ತಿಗೇ ಇನ್ನೊಂದು ಕಡೆ ಮುಳುಗುತ್ತಿದ್ದನಂತೆ. ಹಿಂದಿನ ಅಧ್ಯಾಯಗಳನ್ನು ತಿದ್ದಲು ಒಂದು ಇಡೀ ಮಧ್ಯಾಹ್ನ ಹೋಯಿತಂತೆ. ಒಂದೇ ಮಧ್ಯಾಹ್ನ! ನನಗೆ ಎರಡು ಭಾನುವಾರ ಹೋದವು.

ಬೆಂಗಳೂರಿನ ಅಕ್ಕ ಆ ಹೊಡೆದಾಟವನ್ನು ಜನವರಿ 8ರ ಕಗ್ಗತ್ತಲೆಯಲ್ಲಿ ನಡೆಸಿದ್ದಳು. ಮೂಲದಲ್ಲಿ ಮಾರ್ಚ್ 8ರ ಬೆಳಗಿನ ಜಾವ ಫ್ರೋಡೊ ಹುಣ್ಣಿಮೆ ಚಂದ್ರ ಮುಳುಗುವುದನ್ನು ನೋಡುತ್ತಾನೆ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ನಮ್ಮ ಮಾವನವರಿಗೆ ಪಂಚಾಂಗದ ಹುಚ್ಚು. ಯಾವ ಊರಿನದು ಎಂದು ಹೇಳದೆ ಕೇಳಿದೆ. 'ತಿಂಗಳಿಗೆ ಮೂವತ್ತೇ ದಿನವಾ, ಒಳ್ಳೆ ಊರು' ಎಂದು ಬೆರಳು ಮಡಚಿದರು. ಐವತ್ತೊಂಬತ್ತು ದಿನ ಹಿಂದಕ್ಕೆ ಹೋದರೆ ಜನವರಿ 9ರ ಸುಮಾರಿಗೆ ಇನ್ನೊಂದು ಹುಣ್ಣಿಮೆ. ಅಂದರೆ ನಮ್ಮ ಕಗ್ಗತ್ತಲೆಯ ರಾತ್ರಿ ಹಿಮದ ಮೇಲೆ ಹಾಲು ಚೆಲ್ಲಿದಂಥ ಬೆಳದಿಂಗಳು ಇರಬೇಕಿತ್ತು. ಅಮಾವಾಸ್ಯೆ ಬೇಕಾದರೆ 23, 24ರವರೆಗೆ ಕಾಯಬೇಕು. ಅಷ್ಟು ತಡವಾದರೆ 'ವರ್ಷದ ಆರಂಭ' ಎಂಬ ಕಪ್ಪು ಸಾಲಿಗೆ ಸ್ವಲ್ಪ ಎಳೆದಾಡಿದ ಹಾಗೆ.

ಮೋಡ ಕವಿದಿತ್ತು ಎಂದು ಒಂದು ಸಾಲು ಹಾಕಿದರೆ ಮುಗಿಯುತ್ತಿತ್ತು. ಅಕ್ಕ ಒಪ್ಪಲಿಲ್ಲ. ಅದು ಬಡವರ ಉಪಾಯ ಎಂದಳು. ಇಡೀ ಹೊಡೆದಾಟವನ್ನು ಬೆಳದಿಂಗಳಲ್ಲಿ ಮತ್ತೆ ಬರೆದಳು. ಸತ್ತವರ ಮುಖ ಎಲ್ಲರಿಗೂ ಕಾಣುವ ಹಾಗೆ. ಅದು ಓದಲು ಕಷ್ಟ ಆಗುವಷ್ಟು ಚೆನ್ನಾಗಿದೆ.

ಆದರೆ ಚಂದ್ರನ ಹುಚ್ಚು ಅಲ್ಲಿಗೇ ನಿಲ್ಲಿಸಿ ಎನ್ನುತ್ತೇನೆ. ನಾನು ಆಮೇಲೆ ಗಾಳಿಯ ದಿಕ್ಕು, ಹಾಲಿನ ದರ, ಛತ್ರದಲ್ಲಿ ದಿನಕ್ಕೆ ಎಷ್ಟು ಪೀಪಾಯಿ ಬಿಯರ್ ಖಾಲಿ ಎಂದೆಲ್ಲ ಖಾತೆ ತೆರೆದೆ. ಒಂದಕ್ಕೂ ಉಪಯೋಗ ಬರಲಿಲ್ಲ. ಬಿಯರ್ ಖಾತೆಯಿಂದ ಗೊತ್ತಾದದ್ದು ಒಂದೇ, ಆರೂ ಬರಹಗಾರರಲ್ಲಿ ಕುಡಿತದ ಅಂದಾಜು ಇರುವುದು ಒಬ್ಬರಿಗೇ. ಯಾರು ಎಂದು ಹೇಳುವುದಿಲ್ಲ.

ಪ್ರಯಾಣದ ಖಾತೆ ಮಾತ್ರ ತಪ್ಪದೆ ಇಡಿ. ನಮ್ಮ ಅಂಚೆಯವನು ಒಮ್ಮೆ ಬ್ರೀಯಿಂದ ದೂರದ ಕಣಿವೆಯೂರು ರಿವೆಂಡೆಲ್‌ಗೆ ನಾಲ್ಕು ದಿನದಲ್ಲಿ ನಡೆದಿದ್ದ. ದಾರಿ ಬಲ್ಲ ಅರಗಾರ್ನ್ ಜೊತೆಗಿದ್ದೂ ಫ್ರೋಡೊಗೆ ಇಪ್ಪತ್ತು ದಿನ ಹಿಡಿದಿತ್ತು, ಸುತ್ತು ದಾರಿ ಸೇರಿ. ದೂರದ ದಕ್ಷಿಣದಿಂದ ಹೊರಟ ಬೊರೊಮಿರ್ ಎಂಬ ಯೋಧ ರಿವೆಂಡೆಲ್ ಸೇರಲು ನೂರಾಹತ್ತು ದಿನ ತೆಗೆದುಕೊಂಡ. ಅಂಚೆಯವನನ್ನು ನಾವು ಅರ್ಧ ದಾರಿಯಿಂದ ವಾಪಸ್ ಕರೆಸಿದೆವು. ಊರಿಗೆ ಬಂದು ರಿವೆಂಡೆಲ್ ನೋಡಿದೆ ಎಂದು ಬಡಾಯಿ ಕೊಚ್ಚಿದ. ಮತ್ತೆ ಪೆನ್ಸಿಲ್!

ಒಟ್ಟು ಲೆಕ್ಕ ನೆನಪಿನಿಂದ ಹೇಳುತ್ತೇನೆ, ಪುಸ್ತಕ ಈಗ ಧಾರವಾಡದಲ್ಲಿದೆ. ಎರಡೂವರೆ ವರ್ಷ, ಮೂವತ್ತೆಂಟು ಅಧ್ಯಾಯ. ಸಿಕ್ಕ ತಪ್ಪುಗಳು ಇನ್ನೂರ ಹತ್ತರ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಬರೀ ಕೈತಪ್ಪು, ಹೆಸರು, ತಾರೀಖು, ಎಡ-ಬಲ. ಅರವತ್ತರಷ್ಟು ಪೆನ್ಸಿಲ್‌ನಿಂದ ಬಿಡಿಸಿದ್ದು. ಇಪ್ಪತ್ತು ಚಿಲ್ಲರೆ ದಾರಿ ದೂರದ್ದು. ಪೂರ್ತಿ ಕಿತ್ತು ಬರೆಯಬೇಕಾಗಿ ಬಂದದ್ದು ನಾಲ್ಕೋ ಐದೋ. ಹಳೇ ಪದ್ಧತಿಗಳಿಗೆ ಕೊಟ್ಟ ದುಡ್ಡು ಪ್ರಿಂಟ್ ಖರ್ಚು ಎಲ್ಲ ಸೇರಿ ಇಪ್ಪತ್ತಾರು ಸಾವಿರ ದಾಟಿತ್ತು. ಕಿರ್ದಿ ಪದ್ಧತಿಗೆ ಮುನ್ನೂರು ಚಿಲ್ಲರೆ, ಒಂದು ಪೆನ್ಸಿಲ್ ಡಬ್ಬಿ, ಮಾವನವರಿಗೆ ಎರಡು ಸಲ ಕಾಫಿ.

ಎರಡು ಪೆನ್ಸಿಲ್ ಸಾಲು ಒಂದಕ್ಕೊಂದು ಹೊಡೆದಾಡಿದರೆ ಯಾವುದನ್ನು ಸುಳ್ಳು ಮಾಡಬೇಕು ಎಂದು ತುಂಬಾ ಜನ ಕೇಳುತ್ತಾರೆ. ಅದಕ್ಕೆ ನನ್ನದೊಂದು ಲೆಕ್ಕ ಇದೆ. ಇದುವರೆಗೆ ತಪ್ಪಿಲ್ಲ. ಇಲ್ಲಿ ಹೇಳುವುದಿಲ್ಲ. ಮಂಡಿಯಲ್ಲೂ ತೂಕದ ಗುಟ್ಟನ್ನು ಮೊದಲ ವರ್ಷವೇ ಯಾರಿಗೂ ಹೇಳಿಕೊಡುವುದಿಲ್ಲ.

ಧಾರವಾಡದ ಹುಡುಗ ಅದನ್ನು ಪತ್ತೆ ಹಚ್ಚಲಿಕ್ಕೆಂದೇ ಪುಸ್ತಕ ತರಿಸಿಕೊಂಡಿದ್ದಾನೆ. 'ಹೇಳ್ರೀ ಅಕ್ಕಾರ' ಎಂದು ವಾರಕ್ಕೊಮ್ಮೆ ಫೋನು. ಹೋದ ವಾರ ಮಾತ್ರ ಬೇರೆ ವಿಷಯ. ಸಸ್ಪೆನ್ಸ್ ಖಾತೆಯಲ್ಲಿ ಒಂದು ಸಾಲು ಇನ್ನೂ ಹಾಗೇ ಇದೆಯಂತೆ. ಹನ್ನೊಂದನೇ ಅಧ್ಯಾಯದಲ್ಲಿ ದೋಣಿಯವಳು ಲಾಂದ್ರವನ್ನು ನೀರಿಗೆ ಎಸೆಯುತ್ತಾಳೆ, ಮೂವತ್ತನಾಲ್ಕರಲ್ಲಿ ಅದೇ ಲಾಂದ್ರ ಛತ್ರದ ಮಾಡಿನಲ್ಲಿ ಉರಿಯುತ್ತಿದೆ. ಎರಡೂ ನೀಲಿ. ಎರಡನ್ನೂ ಬರೆದವಳು ನಾನು.